ಒಂದೇ ಗೆರೆ: ವಸಡಿನ ದ್ರವದ ಎಚ್‌ಐವಿ ಪರೀಕ್ಷೆಯನ್ನು ನಂಬಿ ಮಾತ್ರೆ ನಿಲ್ಲಿಸಿದವರ ಪ್ರಕರಣ

ಸೆಪ್ಟೆಂಬರ್ ತಿಂಗಳ ಕೊನೆಯ ವಾರದ ಒಂದು ಬೆಳಗ್ಗೆ, ಎಂಟು ವರ್ಷಗಳಿಂದ ಒಂದು ಸಲವೂ ತಪ್ಪದೆ ಮಾತ್ರೆ ಒಯ್ಯುತ್ತಿದ್ದ ಮೀನುಗಾರರೊಬ್ಬರು ನನ್ನ ಮೇಜಿನ ಮೇಲೆ ಮೊಬೈಲನ್ನಿಟ್ಟು ಒಂದು ಫೋಟೋ ತೋರಿಸಿದರು. ಬಿಳಿ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿ, ಅದರ ನಡುವೆ ಒಂದು ಸಣ್ಣ ಕಿಟಕಿ, ಕಿಟಕಿಯಲ್ಲಿ ‘ಸಿ’ ಎಂಬ ಅಕ್ಷರದ ಎದುರು ಕೆಂಪು ಮಿಶ್ರಿತ ನೇರಳೆ ಬಣ್ಣದ ಒಂದು ಗೆರೆ. ‘ಟಿ’ ಎಂಬ ಅಕ್ಷರದ ಎದುರು ಏನೂ ಇರಲಿಲ್ಲ. “ಒಂದೇ ಗೆರಿ ಬಂತ್ ಮೇಡಂ. ಅಂದ್ರೆ ನಂಗ್ ಗುಣ ಆಯ್ತ್ ಅಲ್ದಾ?” ಎಂದು ಅವರು ಕೇಳಿದರು. ಆ ಫೋಟೋ ತೆಗೆದದ್ದು ಜೂನ್ ತಿಂಗಳಿನಲ್ಲಿ. ಅದರ ಮಾರನೆಯ ದಿನದಿಂದಲೇ ಅವರು ಮಾತ್ರೆಯನ್ನು ನಿಲ್ಲಿಸಿದ್ದರು.

ನಾನು ಉಡುಪಿ ಜಿಲ್ಲೆಯಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಒಂದು ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಈ ಪ್ರಕರಣವನ್ನು ಆ ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹಿಡಿಯಲು ಎಡೆಕೊಡಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆಯು ವ್ಯಕ್ತಿಯ ಸೋಂಕಿನ ಸ್ಥಿತಿಯನ್ನು ಆತನ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಕಾಯ್ದೆ ಇಲ್ಲದಿದ್ದರೂ ನಮ್ಮ ಕರಾವಳಿಯಂತಹ ಕಡೆ, ಒಂದು ಮನೆಯ ಸುದ್ದಿ ಸಂಜೆಯೊಳಗೆ ಬಂದರಿನ ದಕ್ಕೆಗೆ ಮುಟ್ಟುವಲ್ಲಿ, ಈ ಎಚ್ಚರ ಬೇಕೇ ಬೇಕು.

ಹಿನ್ನೆಲೆ

ಇವರು ಮಲ್ಪೆ ಬಂದರಿನಿಂದ ಹೊರಡುವ ಆಳಸಮುದ್ರದ ಬೋಟಿನಲ್ಲಿ ದುಡಿಯುವವರು. ಊರು ಕುಂದಾಪುರದ ಕಡೆ. ಒಮ್ಮೆ ಕಡಲಿಗಿಳಿದರೆ ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಎಂಟು ವರ್ಷಗಳ ಹಿಂದೆ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿದ ರಕ್ತಪರೀಕ್ಷೆಯಲ್ಲಿ ಸೋಂಕು ಗೊತ್ತಾಯಿತು. ಆ ಹೊತ್ತಿಗೆ ನಮ್ಮ ದೇಶದಲ್ಲಿ ಸಿಡಿ4 ಎಣಿಕೆ, ಅಂದರೆ ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಬಿಳಿ ರಕ್ತಕಣಗಳ ಲೆಕ್ಕ, ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಕೊಡಬೇಕೆಂಬ 2017ರ ನೀತಿ ಬಂದಿದ್ದುದರಿಂದ, ಕಾಯಿಲೆಯ ಯಾವ ಲಕ್ಷಣವೂ ಇಲ್ಲದಿರುವಾಗಲೇ ಅವರಿಗೆ ಚಿಕಿತ್ಸೆ ಆರಂಭವಾಯಿತು. ಈಚಿನ ವರ್ಷಗಳಲ್ಲಿ ಅವರು ತೆಗೆದುಕೊಳ್ಳುತ್ತಿದ್ದುದು ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಮೂರೂ ಸೇರಿದ, ದಿನಕ್ಕೊಂದು ಮಾತ್ರೆ.

ಮಾತ್ರೆಯ ವಿಷಯದಲ್ಲಿ ಅವರಷ್ಟು ಶಿಸ್ತಿನವರನ್ನು ನಾನು ಹೆಚ್ಚು ಕಂಡಿಲ್ಲ. ಬೋಟಿನಲ್ಲಿ ನೀರು ತಾಗದಂತೆ ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯಲ್ಲಿ ಮಾತ್ರೆ ಇಟ್ಟುಕೊಂಡು, ಜೊತೆಯವರು ಕೇಳಿದರೆ ಗ್ಯಾಸ್ಟ್ರಿಕ್‌ದೆಂದು ಹೇಳಿ, ರಾತ್ರಿ ಊಟವಾದೊಡನೆ ನುಂಗುತ್ತಿದ್ದರು. ವರ್ಷಕ್ಕೊಮ್ಮೆ ಮಾಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ, ಅಂದರೆ ರಕ್ತದಲ್ಲಿ ವೈರಾಣುವಿನ ಪ್ರಮಾಣ ಅಳೆಯುವ ಪರೀಕ್ಷೆಯಲ್ಲಿ, ಅವರ ವರದಿ ಸತತವಾಗಿ ‘ಪತ್ತೆಯಾಗಿಲ್ಲ’ ಎಂದೇ ಬರುತ್ತಿತ್ತು. ಪತ್ನಿಗೆ ಸೋಂಕಿಲ್ಲ, ಆಕೆಯ ಪರೀಕ್ಷೆಯೂ ಕಾಲಕಾಲಕ್ಕೆ ನಡೆದಿತ್ತು. ಈ ಸಂಗತಿ ಮನೆಯಲ್ಲಿ ತಿಳಿದಿದ್ದುದು ಇಬ್ಬರಿಗೆ ಮಾತ್ರ: ಪತ್ನಿಗೆ ಮತ್ತು ಅಕ್ಕನ ಮಗನಿಗೆ. ಆ ಹುಡುಗ ವಿದೇಶದ ಪ್ರವಾಸಿ ಹಡಗೊಂದರಲ್ಲಿ ಅಡುಗೆ ವಿಭಾಗದ ಕೆಲಸಗಾರ. ನಮ್ಮ ಕಡೆ ಸೋದರಮಾವ ಮತ್ತು ಅಳಿಯನ ನಡುವಿನ ನಂಟಿಗೆ ಇರುವ ಆಳವನ್ನು ಬಲ್ಲವರಿಗೆ, ಅವರು ಅಣ್ಣತಮ್ಮಂದಿರನ್ನು ಬಿಟ್ಟು ಅವನಿಗೇ ಏಕೆ ಹೇಳಿಕೊಂಡರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಗಂಡಸರು ಮನೆಯಲ್ಲಿರುತ್ತಾರೆ. ಬಲೆ ಹೆಣೆಯುವುದು, ಬೋಟಿನ ರಿಪೇರಿ, ಬಾಕಿ ಉಳಿದ ಮದುವೆ ಮಾತುಕತೆ, ಎಲ್ಲ ಆಗಲೇ. ಹಡಗಿನಿಂದ ರಜೆಯಲ್ಲಿ ಬಂದ ಅಳಿಯ ಅಮೆರಿಕದ ಬಂದರಿನ ಔಷಧದಂಗಡಿಯಿಂದ, ಮನೆಯಲ್ಲೇ ಎಚ್‌ಐವಿ ಪರೀಕ್ಷೆ ಮಾಡಿಕೊಳ್ಳುವ ಮೂರು ಕಿಟ್‌ಗಳನ್ನು ತಂದಿದ್ದ. ಒಂದು ತನಗಾಗಿ, ಎರಡು ಮಾವ ಮತ್ತು ಅತ್ತೆಗಾಗಿ. ಸೂಜಿ ಬೇಡ, ರಕ್ತ ಬೇಡ, ಬಾಯಿಯೊಳಗೆ ಒಮ್ಮೆ ಆಡಿಸಿದರೆ ಸಾಕು ಎಂಬುದೇ ಅವನಿಗೆ ದೊಡ್ಡ ಸಂಗತಿಯಾಗಿ ಕಂಡಿತ್ತು. ಪೆಟ್ಟಿಗೆಯೊಳಗಿನ ಸೂಚನಾ ಪತ್ರವು, ಈಗಾಗಲೇ ಸೋಂಕಿದೆಯೆಂದು ತಿಳಿದವರು ಈ ಕಿಟ್ ಬಳಸಬಾರದೆಂದು ಹೇಳುತ್ತದೆ. ಆ ಪತ್ರ ಇಂಗ್ಲಿಷಿನಲ್ಲಿತ್ತು, ಅಕ್ಷರ ಚಿಕ್ಕದಿತ್ತು. ಚಿತ್ರಗಳು ಮಾತ್ರ ದೊಡ್ಡದಿದ್ದವು, ಮನೆಯವರು ಚಿತ್ರಗಳನ್ನು ನೋಡಿಯೇ ಪರೀಕ್ಷೆ ಮಾಡಿದರು.

ಮಾವನಿಗೆ ಒಂದು ಗೆರೆ. ಅತ್ತೆಗೆ ಒಂದು ಗೆರೆ. ಇಬ್ಬರದ್ದೂ ಒಂದೇ ತೆರನಾಗಿ ಬಂತು. ಆಕೆಗೆ ಸೋಂಕಿಲ್ಲವೆಂದು ಮೊದಲೇ ಗೊತ್ತಿದ್ದುದರಿಂದ, ಅವಳಂತೆಯೇ ಬಂದ ತನ್ನ ಗೆರೆಯೂ ಸೋಂಕಿಲ್ಲವೆಂದೇ ಹೇಳುತ್ತಿದೆ ಎಂದು ಅವರು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ತರ್ಕವಿರಲಿಲ್ಲವೆಂದು ನಾನು ಹೇಳಲಾರೆ.

ಅನಂತರದ ಮೂರು ತಿಂಗಳು

ಮಾತ್ರೆ ಬಿಟ್ಟ ಸುಮಾರು ನಾಲ್ಕು ವಾರಗಳಿಗೆ ಜ್ವರ, ಗಂಟಲು ನೋವು, ಎದೆಯ ಮೇಲೆ ಸಣ್ಣ ದದ್ದು ಕಾಣಿಸಿಕೊಂಡವು. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಜ್ವರವೆಂದರೆ ಮೊದಲು ಬರುವ ಯೋಚನೆ ಇಲಿಜ್ವರ ಮತ್ತು ಡೆಂಗಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಎರಡಕ್ಕೂ ಪರೀಕ್ಷೆಯಾಯಿತು, ಎರಡೂ ಇಲ್ಲವೆಂದು ಬಂತು. ಅಲ್ಲಿನ ವೈದ್ಯರಿಗೆ ಇವರು ತಮ್ಮ ಹಳೆಯ ಚಿಕಿತ್ಸೆಯ ಮಾತನ್ನೇ ಎತ್ತಲಿಲ್ಲ. ಗುಣವಾದ ಕಾಯಿಲೆಯ ಬಗ್ಗೆ ಏಕೆ ಹೇಳಬೇಕು ಎಂಬುದು ಅವರ ಆಗಿನ ಭಾವನೆ. ಜ್ವರ ತಾನಾಗಿ ಇಳಿಯಿತು. ಹಿಂತಿರುಗಿ ನೋಡಿದರೆ, ಚಿಕಿತ್ಸೆ ನಿಂತ ಮೇಲೆ ವೈರಾಣು ಒಮ್ಮೆಲೇ ಮೇಲೇಳುವಾಗ ಕೆಲವರಲ್ಲಿ ಬರುವ, ಹೊಸ ಸೋಂಕಿನ ಮೊದಲ ದಿನಗಳನ್ನು ಹೋಲುವ ಜ್ವರ ಅದಾಗಿದ್ದಿರಬೇಕೆಂದು ನಮ್ಮ ವೈದ್ಯಾಧಿಕಾರಿಗಳ ಅಭಿಪ್ರಾಯ. ಖಚಿತಪಡಿಸಿಕೊಳ್ಳಲು ಆಗಿನ ರಕ್ತದ ಮಾದರಿ ನಮ್ಮಲ್ಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು, ಇವರೂ ಹೊರಟರು. ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಡುವ ಪದ್ಧತಿಯಿರುವುದರಿಂದ, ಮೇ ಕೊನೆಯಲ್ಲಿ ಒಯ್ದವರು ಬರಬೇಕಾಗಿದ್ದುದು ಆಗಸ್ಟ್ ಕೊನೆಗೆ. ಹೀಗಾಗಿ ಅವರು ಮಾತ್ರೆ ಬಿಟ್ಟಿರುವುದು ನಮಗೆ ತಿಳಿಯುವ ದಾರಿಯೇ ಇರಲಿಲ್ಲ. ದೂರ ಹೋಗಿ ದುಡಿಯುವವರಿಗೆ ಈ ಪದ್ಧತಿ ಬಹಳ ಅನುಕೂಲದ್ದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಏನಾದರೂ ತಪ್ಪಿದರೆ ಅದು ಗೊತ್ತಾಗುವುದು ತಡವಾಗಿ ಎಂಬುದನ್ನೂ ಈ ಪ್ರಕರಣ ನನಗೆ ಮನಗಾಣಿಸಿತು. ಸೆಪ್ಟೆಂಬರಿನಲ್ಲಿ ಮೂರು ಸಲ ಫೋನು ಮಾಡಿದ ಮೇಲೆ, ಬೋಟು ದಡಕ್ಕೆ ಬಂದ ದಿನ ಅವರೇ ಬಂದರು. ಅಡಗಿಸಿಡುವ ಮನಸ್ಸಿನಿಂದ ಬಂದಿರಲಿಲ್ಲ, ಸಂತೋಷದ ಸುದ್ದಿ ಹೇಳಲು ಬಂದಿದ್ದರು. ಆ ಮುಖವನ್ನು ನಾನು ಇನ್ನೂ ಮರೆತಿಲ್ಲ.

ಗೆರೆ ಏಕೆ ಬರಲಿಲ್ಲ

ನಾನು ಮೊದಲು ಹುಡುಕಿದ್ದು ವಿಧಾನದ ತಪ್ಪನ್ನು. ಈ ಪರೀಕ್ಷೆಗೆ ಕನಿಷ್ಠ 15 ನಿಮಿಷ ಮೊದಲಿನಿಂದ ಏನನ್ನೂ ತಿನ್ನಬಾರದು, ಕುಡಿಯಬಾರದು; ಹಲ್ಲುಜ್ಜುವ ಪೇಸ್ಟು, ಬಾಯಿ ಮುಕ್ಕಳಿಸುವ ದ್ರಾವಣ ಬಳಸಿದ್ದರೆ 30 ನಿಮಿಷ ಕಾಯಬೇಕು. ಕಡ್ಡಿಯ ಮೆತ್ತನೆಯ ತುದಿಯನ್ನು ಮೇಲಿನ ವಸಡಿನ ಉದ್ದಕ್ಕೂ ಒಮ್ಮೆ, ಕೆಳಗಿನ ವಸಡಿನ ಉದ್ದಕ್ಕೂ ಒಮ್ಮೆ ಆಡಿಸಿ, ದ್ರಾವಣವಿರುವ ಸಣ್ಣ ಬಾಟಲಿಯಲ್ಲಿ ನಿಲ್ಲಿಸಬೇಕು. ಫಲಿತಾಂಶವನ್ನು 20 ನಿಮಿಷಗಳ ಮೊದಲೂ ಓದಬಾರದು, 40 ನಿಮಿಷಗಳ ನಂತರವೂ ಓದಬಾರದು. ಇವರು ಊಟ ಮಾಡಿ ಎಲೆಅಡಿಕೆ ಹಾಕಿಕೊಂಡಿದ್ದರಂತೆ. ಆದರೆ ಅಳಿಯನ ಒತ್ತಾಯಕ್ಕೆ ಬಾಯಿ ತೊಳೆದು ಒಂದು ಗಂಟೆ ಕಾದಿದ್ದರು. ಗಡಿಯಾರ ನೋಡಿ 25 ನಿಮಿಷಕ್ಕೆ ಓದಿದ್ದರು. ಫೋಟೋದಲ್ಲಿ ‘ಸಿ’ ಗೆರೆ ಸ್ಪಷ್ಟವಾಗಿತ್ತು. ಆ ಗೆರೆ ಮೂಡಿದೆಯೆಂದರೆ ಮಾದರಿ ತಾಗಿದೆ, ದ್ರವ ಪಟ್ಟಿಯ ಉದ್ದಕ್ಕೂ ಹರಿದಿದೆ ಎಂದರ್ಥ. ಪರೀಕ್ಷೆ ಸರಿಯಾಗಿಯೇ ನಡೆದಿತ್ತು, ಉತ್ತರ ಮಾತ್ರ ತಪ್ಪಾಗಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ಕಿಟ್ ಏನನ್ನು ಹುಡುಕುತ್ತದೆಯೆಂದು ತಿಳಿಯಬೇಕು. ಅದು ವೈರಾಣುವನ್ನು ಹುಡುಕುವುದಿಲ್ಲ. ವೈರಾಣುವಿನ ವಿರುದ್ಧ ಶರೀರ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಪಟ್ಟಿಯ ‘ಟಿ’ ಭಾಗದಲ್ಲಿ ವೈರಾಣುವಿನ ಹೊರಕವಚದ ಪ್ರೋಟೀನಿನ ಕೃತಕ ತುಣುಕುಗಳನ್ನು ಅಂಟಿಸಿರುತ್ತಾರೆ. ಮಾದರಿಯಲ್ಲಿ ಅದಕ್ಕೆ ಹೊಂದುವ ಪ್ರತಿಕಾಯಗಳಿದ್ದರೆ ಅವು ಅಲ್ಲಿ ಸಿಕ್ಕಿಕೊಳ್ಳುತ್ತವೆ, ಅವುಗಳಿಗಂಟಿದ ಚಿನ್ನದ ಅತಿಸೂಕ್ಷ್ಮ ಕಣಗಳು ಒಟ್ಟಾಗಿ ಗೆರೆಯಾಗಿ ಕಾಣುತ್ತವೆ. ಹಾಗೆಯೇ, ಜನ ಇದನ್ನು ಉಗುಳಿನ ಪರೀಕ್ಷೆ, ಜೊಲ್ಲಿನ ಪರೀಕ್ಷೆ ಎಂದು ಕರೆದರೂ ಕಿಟ್‌ಗೆ ಬೇಕಾಗಿರುವುದು ಲಾಲಾಗ್ರಂಥಿಗಳಿಂದ ಸುರಿಯುವ ಜೊಲ್ಲಲ್ಲ; ವಸಡಿನ ಸಂದಿಯಿಂದ ಮತ್ತು ಬಾಯಿಯ ಒಳಪೊರೆಯಿಂದ ಜಿನುಗುವ ದ್ರವ. ರಕ್ತದ ದ್ರವಾಂಶವೇ ಸೋಸಿಕೊಂಡು ಬರುವುದರಿಂದ, ರಕ್ತದಲ್ಲಿರುವ ಐಜಿಜಿ ಜಾತಿಯ ಪ್ರತಿಕಾಯಗಳು ಅದರಲ್ಲಿಯೂ ಇರುತ್ತವೆ. ಆದರೆ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಕಡಿಮೆ. ಉಗುಳಬೇಡಿ, ವಸಡಿಗೆ ಆಡಿಸಿ ಎಂದು ಸೂಚನೆಯಲ್ಲಿ ಹೇಳುವುದು ಇದಕ್ಕಾಗಿಯೇ.

ಚಿಕಿತ್ಸೆ ಇಲ್ಲದವರ ಶರೀರದಲ್ಲಿ ವೈರಾಣು ದಿನವೂ ಹೆಚ್ಚುತ್ತಿರುವುದರಿಂದ ಪ್ರತಿಕಾಯಗಳು ಧಾರಾಳವಾಗಿ ತಯಾರಾಗುತ್ತಲೇ ಇರುತ್ತವೆ. ನೂರಾರು ಪಟ್ಟು ಕಡಿಮೆಯಾದರೂ ಕಿಟ್‌ಗೆ ಸಿಗುವಷ್ಟು ಉಳಿದಿರುತ್ತವೆ. ವರ್ಷಗಟ್ಟಲೆ ಮಾತ್ರೆ ನುಂಗಿ ವೈರಾಣುವನ್ನು ಅಡಗಿಸಿದವರಲ್ಲಿ ಶರೀರವನ್ನು ಕೆಣಕುವ ವೈರಾಣುವೇ ಹೆಚ್ಚಿಲ್ಲದ್ದರಿಂದ ಪ್ರತಿಕಾಯಗಳ ತಯಾರಿ ನಿಧಾನವಾಗಿ ಇಳಿಯುತ್ತದೆ. ರಕ್ತದಲ್ಲಿ ಅವು ಸಾಮಾನ್ಯವಾಗಿ ಇದ್ದೇ ಇರುತ್ತವೆ, ರಕ್ತದ ಪರೀಕ್ಷೆ ಹೆಚ್ಚಿನವರಲ್ಲಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ವಸಡಿನ ದ್ರವದಲ್ಲಿ ಮೊದಲೇ ಅಲ್ಪವಾಗಿದ್ದುದು ಇನ್ನೂ ಇಳಿದರೆ ಕಿಟ್‌ನ ಕಣ್ಣಿಗೆ ಬೀಳದಷ್ಟಾಗಬಹುದು. ಚಿಕಿತ್ಸೆಯಲ್ಲಿರುವ ಮಕ್ಕಳಲ್ಲಿ ಬಾಯಿಯ ದ್ರವದ ಪರೀಕ್ಷೆ ಹೀಗೆ ಸುಳ್ಳು ನೆಗೆಟಿವ್ ತೋರಿಸಿದ್ದು ದಾಖಲಾಗಿದೆ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಸ್ವಯಂಪರೀಕ್ಷೆಯ ಕಿಟ್ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಈ ಕಾರಣದಿಂದಲೇ. ನಮ್ಮ ಮೀನುಗಾರರ ವಿಷಯದಲ್ಲಿ ಆ ಗೆರೆಯನ್ನು ಅಳಿಸಿದ್ದು ಎಂಟು ವರ್ಷ ಅವರು ತಪ್ಪದೆ ನುಂಗಿದ ಮಾತ್ರೆ. ಅವರ ಶಿಸ್ತೇ ಅವರನ್ನು ದಾರಿ ತಪ್ಪಿಸಿತೆಂಬುದು ನನ್ನನ್ನು ಬಹಳ ನೋಯಿಸಿದ ಸಂಗತಿ.

ಕಿಟ್‌ನ ಮೇಲೆ ನನಗೆ ಸಿಟ್ಟಿಲ್ಲ. ಬಾಯಿಯ ದ್ರವದಿಂದ ಕೂಡಲೇ ಫಲಿತಾಂಶ ಕೊಡುವ ಈ ಪರೀಕ್ಷೆಗೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು, 2012ರ ಜುಲೈಯಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗೆ ಒಪ್ಪಿಗೆಯಾಯಿತು, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ವಯಂಪರೀಕ್ಷೆಯನ್ನು ಶಿಫಾರಸು ಮಾಡಿತು. ನಮ್ಮ ದೇಶದಲ್ಲಿಯೂ ಮಹಾರಾಷ್ಟ್ರದ ಸೇವಾಗ್ರಾಮದ ವೈದ್ಯಕೀಯ ಸಂಸ್ಥೆಯಲ್ಲಿ ಗ್ರಾಮೀಣ ಜನರ ನಡುವೆ ಈ ಪರೀಕ್ಷೆಯನ್ನು ಅಭ್ಯಸಿಸಿದ ವರದಿ 2007ರಲ್ಲಿ ಪ್ರಕಟವಾಗಿ, ಅದರ ನಿಖರತೆ ಉತ್ತಮವಾಗಿರುವುದನ್ನು ತೋರಿಸಿತು. ತರಬೇತಿಯಿಲ್ಲದವರು ತಾವೇ ಮಾಡಿಕೊಂಡಾಗ ಮಾತ್ರ ಸೋಂಕಿರುವ 12 ಜನರಲ್ಲಿ ಒಬ್ಬರಿಗೆ ತಪ್ಪಾಗಿ ನೆಗೆಟಿವ್ ಬರಬಹುದೆಂದು 2012ರ ಒಪ್ಪಿಗೆಯ ವೇಳೆ ತಿಳಿಸಲಾಗಿತ್ತು. ಸೋಂಕಿಲ್ಲದವರಲ್ಲಿ ತಪ್ಪಾಗಿ ಪಾಸಿಟಿವ್ ಬರುವುದು 5,000ಕ್ಕೆ ಒಬ್ಬರಿಗೆ. ಐಸಿಟಿಸಿಯ, ಅಂದರೆ ಸರ್ಕಾರದ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ, ಬಾಗಿಲಲ್ಲಿ ಪರಿಚಿತರ ಕಣ್ಣಿಗೆ ಬೀಳುವ ಭಯದಿಂದ ವರ್ಷಗಟ್ಟಲೆ ಪರೀಕ್ಷೆ ಮುಂದೂಡಿ, ಕೊನೆಗೆ ಕ್ಷಯ ಹಿಡಿದ ಮೇಲೆ ಬಂದವರನ್ನು ನಾನು ಕಂಡಿದ್ದೇನೆ. ಅವರಿಗೆ ಇಂತಹ ಕಡ್ಡಿಯೊಂದು ಸಕಾಲಕ್ಕೆ ಸಿಕ್ಕಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಅದು ತನ್ನ ಸ್ಥಿತಿ ತಿಳಿಯದವರ ಪ್ರಶ್ನೆಗೆ ಉತ್ತರ ಕೊಡಲು ಮಾಡಿದ ಸಾಧನ. ಸೋಂಕಿದೆಯೆಂದು ತಿಳಿದು ಚಿಕಿತ್ಸೆಯಲ್ಲಿರುವವರು ‘ಗುಣವಾಯಿತೇ’ ಎಂದು ಕೇಳಿದರೆ ಅದಕ್ಕೆ ಉತ್ತರ ಗೊತ್ತಿಲ್ಲ; ಗೊತ್ತಿಲ್ಲವೆಂದು ಹೇಳುವ ಗೆರೆಯೂ ಅದರಲ್ಲಿಲ್ಲ.

ಆ ದಿನ ತೆಗೆದುಕೊಂಡ ತೀರ್ಮಾನ

ಅವರು ಇನ್ನೊಂದು ಕಿಟ್ ತರಿಸಿ ನಮ್ಮೆದುರೇ ಪರೀಕ್ಷೆ ಮಾಡಿಕೊಳ್ಳುತ್ತೇನೆಂದರು. ವೈದ್ಯಾಧಿಕಾರಿಗಳೂ ನಾನೂ ಕೂತು ಯೋಚಿಸಿದೆವು. ಮೂರು ತಿಂಗಳು ಮಾತ್ರೆಯಿಲ್ಲದೆ ವೈರಾಣು ಮೇಲೆದ್ದಿದ್ದರೆ ಪ್ರತಿಕಾಯಗಳೂ ಹೆಚ್ಚಿ ಈ ಸಲ ಎರಡು ಗೆರೆ ಬರಬಹುದಿತ್ತು. ಬಂದರೆ ಅವರು ಕಲಿಯುತ್ತಿದ್ದುದು ‘ಹೋಗಿದ್ದ ಕಾಯಿಲೆ ಮರಳಿ ಬಂತು’ ಎಂಬ ಪಾಠವನ್ನು. ಮುಂದೆ ಮಾತ್ರೆ ನುಂಗಿ ಮತ್ತೆ ಗೆರೆ ಮಾಯವಾದರೆ ಮತ್ತೆ ನಿಲ್ಲಿಸುತ್ತಿದ್ದರು. ಎರಡು ಗೆರೆ ಬಾರದಿದ್ದರೆ ಅವರ ನಂಬಿಕೆ ಇನ್ನೂ ಗಟ್ಟಿಯಾಗುತ್ತಿತ್ತು. ಹೇಗೆ ಬಂದರೂ ತಪ್ಪೇ ಆಗುವಂಥ ಪರೀಕ್ಷೆಯನ್ನು ಮಾಡಬಾರದೆಂದು ತೀರ್ಮಾನಿಸಿ, ವೈರಲ್ ಲೋಡ್ ಮತ್ತು ಸಿಡಿ4 ಎಣಿಕೆಗೆ ರಕ್ತ ತೆಗೆದುಕೊಂಡೆವು. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿ ವೈರಾಣುವನ್ನೂ ತಡೆಯುವ ಔಷಧಗಳಾದ್ದರಿಂದ, ಆ ಸೋಂಕೂ ಇರುವವರು ಇವನ್ನು ಹಠಾತ್ತನೆ ನಿಲ್ಲಿಸಿದರೆ ಯಕೃತ್ತಿಗೆ ದೊಡ್ಡ ಪೆಟ್ಟು ಬೀಳಬಹುದು. ಅದನ್ನೂ ನೋಡಿದೆವು, ಪುಣ್ಯಕ್ಕೆ ಇರಲಿಲ್ಲ.

ವಿವರಣೆಯೇ ಕಷ್ಟದ ಭಾಗವಾಗಿತ್ತು. ಅವರು ಹಳೆಯ ವರದಿಗಳನ್ನು ಮಡಚಿಟ್ಟ ಪ್ಲಾಸ್ಟಿಕ್ ಕವರನ್ನು ತೆರೆದು ‘ಪತ್ತೆಯಾಗಿಲ್ಲ’ ಎಂಬ ಪದವನ್ನು ಬೆರಳಿಟ್ಟು ತೋರಿಸಿದರು. “ನೀವೇ ಹೇಳದ್ದ್ ಅಲ್ದಾ, ಪತ್ತೆ ಆಯಿಲ್ಲೆ ಅಂದೇಳಿ?” ನಾನು ಸುಮ್ಮನಾದೆ. ಅದು ನಿಜ. ಪ್ರತಿ ವರ್ಷ ವರದಿ ಬಂದಾಗ ಅವರ ಉತ್ಸಾಹ ಹೆಚ್ಚಲೆಂದು ‘ಪತ್ತೆಯೇ ಆಗಿಲ್ಲ, ಬಹಳ ಒಳ್ಳೆಯದಾಯಿತು, ಈಗ ಪತ್ನಿಗೂ ಹರಡುವುದಿಲ್ಲ’ ಎಂದು ಹೇಳುತ್ತಿದ್ದವಳು ನಾನೇ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮಾತ್ರೆ ನಿಂತರೆ ಅದು ಉಳಿಯುವುದಿಲ್ಲ ಎಂಬ ಇನ್ನೊಂದು ವಾಕ್ಯವನ್ನು ಮೊದಲ ವರ್ಷಗಳಲ್ಲಿ ಹೇಳಿ, ಆಮೇಲೆ ಗೊತ್ತಿದೆಯಲ್ಲ ಎಂದು ಬಿಟ್ಟಿದ್ದೆ. ಒಂದು ಕಡೆ ರಕ್ತದ ವರದಿ ವೈರಾಣು ಪತ್ತೆಯಾಗಿಲ್ಲವೆಂದಿತು, ಇನ್ನೊಂದು ಕಡೆ ಕಡ್ಡಿ ಪ್ರತಿಕಾಯ ಕಾಣುತ್ತಿಲ್ಲವೆಂದಿತು; ಎರಡೂ ಬೇರೆ ಬೇರೆ ವಸ್ತುಗಳ ಬಗ್ಗೆ ಹೇಳಿದ ಮಾತುಗಳು, ಕೇಳುವ ಕಿವಿಗೆ ಒಂದೇ ಮಾತಾಗಿ ಕೇಳಿಸಿದವು. ಈ ಪ್ರಕರಣದಲ್ಲಿ ಯಾರದಾದರೂ ಲೋಪವಿದ್ದರೆ ಅದರ ದೊಡ್ಡ ಪಾಲು ನನ್ನದು.

ಚಿಕಿತ್ಸೆಯ ಕಾಲದಲ್ಲಿ ವೈರಾಣು ರಕ್ತದಲ್ಲಿ ಓಡಾಡುವುದನ್ನು ಬಿಟ್ಟು ಕೆಲವು ಬಿಳಿ ರಕ್ತಕಣಗಳ ವಂಶವಾಹಿಯೊಳಗೇ ಸೇರಿ ಮಲಗಿರುತ್ತದೆ, ಅಲ್ಲಿಗೆ ಮಾತ್ರೆಯೂ ಮುಟ್ಟುವುದಿಲ್ಲ, ನಮ್ಮ ಪರೀಕ್ಷೆಗಳೂ ಮುಟ್ಟುವುದಿಲ್ಲ ಎಂದು ನಿಧಾನವಾಗಿ ವಿವರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ, “ಫಿಶ್ ಫೈಂಡರಂಗ್ ಕಾಣ್ಲಿಲ್ಲ ಅಂದೇಳಿ ಕಡಲಂಗ್ ಮೀನೇ ಇಲ್ಲೆ ಅಂಬುಕಾತ್ತಾ?” ಎಂದರು. ಬೋಟಿನ ಪರದೆಯ ಮೇಲೆ ಗುಂಪಾಗಿ ಚಲಿಸುವ ಮೀನು ಕಾಣುತ್ತದೆ; ತಳದ ಕೆಸರಿಗೆ ಅಂಟಿ ಮಲಗಿರುವುದು ಕಾಣುವುದಿಲ್ಲ ಎಂದು ನನಗೆ ಬಿಡಿಸಿ ಹೇಳಿದರು. ನನ್ನ ಅರ್ಧ ಗಂಟೆಯ ವಿವರಣೆಗಿಂತ ಆ ಮಾತು ಸರಿಯಾಗಿತ್ತು. ಅವರ ಅನುಮತಿಯಿಂದ ಈಗ ಬಂದರಿನ ಕಡೆಯವರಿಗೆಲ್ಲ ನಾನು ಅದನ್ನೇ ಹೇಳುತ್ತೇನೆ.

ವರದಿ ಬಂದಾಗ ವೈರಾಣುವಿನ ಪ್ರಮಾಣ ಪ್ರತಿ ಮಿಲಿಲೀಟರಿಗೆ ಹತ್ತಾರು ಸಾವಿರ ಪ್ರತಿಗಳಷ್ಟಾಗಿತ್ತು, ಸಿಡಿ4 ಎಣಿಕೆ ಹಿಂದಿನದಕ್ಕಿಂತ ಸ್ಪಷ್ಟವಾಗಿ ಇಳಿದಿತ್ತು. ಚೆನ್ನಾಗಿರುವಾಗ ಸ್ವಲ್ಪ ಕಾಲ ಮಾತ್ರೆ ಬಿಟ್ಟರೇನು ಎಂಬ ಪ್ರಶ್ನೆಗೆ ವೈದ್ಯಲೋಕದಲ್ಲಿ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. 33 ದೇಶಗಳ 5,472 ಜನರನ್ನೊಳಗೊಂಡ, 2006ರಲ್ಲಿ ಪ್ರಕಟವಾದ ‘ಸ್ಮಾರ್ಟ್’ ಅಧ್ಯಯನದಲ್ಲಿ, ಸಿಡಿ4 ಎಣಿಕೆ ನೋಡಿಕೊಂಡು ಮಾತ್ರೆ ನಿಲ್ಲಿಸಿ ಮತ್ತೆ ಆರಂಭಿಸಿದ ಗುಂಪಿನವರಿಗೆ, ನಿರಂತರವಾಗಿ ತೆಗೆದುಕೊಂಡವರಿಗಿಂತ ಅವಕಾಶವಾದಿ ಸೋಂಕು (ರೋಗನಿರೋಧಕ ಶಕ್ತಿ ಕುಗ್ಗಿದಾಗ ಎರಗುವ ಸೋಂಕು) ಅಥವಾ ಸಾವಿನ ಅಪಾಯ ಸುಮಾರು 2.6 ಪಟ್ಟು ಹೆಚ್ಚಿತ್ತು. ವೈದ್ಯಾಧಿಕಾರಿಗಳು ಅದೇ ಮಾತ್ರೆಯನ್ನು ಅಂದೇ ಮತ್ತೆ ಆರಂಭಿಸಿದರು. ಕೆಲವು ವರ್ಷಗಳ ಹಿಂದಿನ ಎಫಾವಿರೆಂಜ್ ಇದ್ದ ಮಾತ್ರೆಯಾಗಿದ್ದರೆ ಚಿಂತೆ ಇನ್ನೂ ಹೆಚ್ಚಿರುತ್ತಿತ್ತು. ಆ ಔಷಧ ಉಳಿದೆರಡಕ್ಕಿಂತ ಹೆಚ್ಚು ದಿನ ರಕ್ತದಲ್ಲಿ ಒಂಟಿಯಾಗಿ ಉಳಿಯುವುದರಿಂದ ವೈರಾಣು ಅದಕ್ಕೆ ಜಗ್ಗದಂತಾಗುವ ಅವಕಾಶವಿತ್ತು. ಡೊಲುಟೆಗ್ರಾವಿರ್ ಆ ಮಟ್ಟಿಗೆ ಗಟ್ಟಿ ಔಷಧ.

ಪತ್ನಿಯ ಪ್ರಶ್ನೆ

ಮರುದಿನ ಪತ್ನಿ ಬಂದರು. ಮಾತ್ರೆಯಿಲ್ಲದ ಮೂರು ತಿಂಗಳಲ್ಲಿ ಇಬ್ಬರೂ ಮುಂಜಾಗ್ರತೆ ಬಿಟ್ಟಿದ್ದರು. ಸೋಂಕು ತಗುಲಿದ ಸಂಶಯವಿದ್ದಾಗ ಕೊಡುವ ತಡೆ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಪತಿ ಹತ್ತು ದಿನ ಕಡಲಿನಲ್ಲಿದ್ದುದರಿಂದ ಆ ಅವಧಿ ಮೀರಿತ್ತು. ಆಕೆಯ ಬೆರಳ ತುದಿಯ ರಕ್ತದ ಪರೀಕ್ಷೆ ನೆಗೆಟಿವ್ ಬಂತು. ಆದರೆ ಸೋಂಕು ತಗುಲಿ ಪ್ರತಿಕಾಯಗಳು ಕಾಣಿಸಿಕೊಳ್ಳುವವರೆಗಿನ ಅವಧಿ ಕಳೆಯಬೇಕಾದ್ದರಿಂದ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಬರಬೇಕೆಂದು ಹೇಳಿದೆ.

ಆಕೆ ಏಳಲಿಲ್ಲ. ಇನ್ನೇನೋ ಕೇಳಬೇಕಿತ್ತು. ಬಹಳ ಹಿಂಜರಿದು, “ಎಂಜಲಂಗ್ ಪರೀಕ್ಷೆ ಮಾಡ್ತ್ರ್ ಅಂದ್ರೆ, ಎಂಜಲಂಗೂ ಅದ್ ಇರತ್ತ್ ಅಂದೇಳಿ ಆಯ್ತಲ್ದಾ ಮೇಡಂ?” ಎಂದರು. ಕಿಟ್ ಮನೆಗೆ ಬಂದ ದಿನದಿಂದ ಆಕೆ ಗಂಡನ ಬಟ್ಟಲು, ಲೋಟ ಬೇರೆ ಇಟ್ಟಿದ್ದರು. ಎಂಟು ವರ್ಷ ಒಂದೇ ಬಟ್ಟಲಿನಲ್ಲಿ ಗಂಜಿ ಉಂಡವರು. ಪರೀಕ್ಷೆಯಲ್ಲಿ ಗೆರೆ ಬಾರದಿದ್ದುದಕ್ಕೆ ಒಂದು ಕಡೆ ಸಂತೋಷ, ಬಾಯಿಯಿಂದಲೇ ಪರೀಕ್ಷೆಯಾಗುತ್ತದೆಂಬ ಸಂಗತಿಯಿಂದ ಹುಟ್ಟಿದ ಭಯ ಇನ್ನೊಂದು ಕಡೆ. ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಎಂಜಲು ಎಂಬ ಪದಕ್ಕೆ ನಮ್ಮಲ್ಲಿ ಉಗುಳು ಎಂಬುದಕ್ಕಿಂತ ಎಷ್ಟೋ ಹೆಚ್ಚಿನ ಭಾರವಿದೆ. ಮುಟ್ಟಬಾರದ್ದು, ಮೈಲಿಗೆಯಾದದ್ದು ಎಂಬ ಅರ್ಥವೆಲ್ಲ ಅದರ ಬೆನ್ನಿಗಿದೆ. ಜೊಲ್ಲಿನ ಪರೀಕ್ಷೆ ಎಂದು ನಾವು ಸುಲಭಕ್ಕೆ ಹೇಳಿಬಿಡುವಾಗ ಕೇಳುವವರ ಮನಸ್ಸಿನಲ್ಲಿ ಎಂಜಲು ಎಂಬ ಮಾತು ಎದ್ದು ನಿಲ್ಲುತ್ತದೆ.

ಕಿಟ್ ಬಾಯಿಯಲ್ಲಿ ಹುಡುಕುವುದು ಕಾಯಿಲೆಯನ್ನಲ್ಲ, ಕಾಯಿಲೆಯ ವಿರುದ್ಧ ಶರೀರ ಕಳಿಸಿದ ಕಾವಲುಗಾರರ ಗುರುತನ್ನು. ಆ ಪ್ರತಿಕಾಯಗಳಿಂದ ಯಾರಿಗೂ ಸೋಂಕು ತಗುಲುವುದಿಲ್ಲ. ಲಾಲಾರಸದಲ್ಲಿರುವ ಕೆಲವು ಪ್ರೋಟೀನುಗಳು ವೈರಾಣುವನ್ನು ನಿಷ್ಕ್ರಿಯಗೊಳಿಸುತ್ತವೆ. ಒಂದೇ ಬಟ್ಟಲಿನಲ್ಲಿ ಉಂಡು, ಒಂದೇ ಲೋಟದಲ್ಲಿ ಕುಡಿದು ಎಚ್‌ಐವಿ ಹರಡುವುದಿಲ್ಲ ಎಂದು ಹೇಳಿದೆ. ಒಂದು ಸಲ ಹೇಳಿದರೆ ಸಾಲಲಿಲ್ಲ. ಮೂರು ಭೇಟಿಗಳಲ್ಲಿ ಮೂರು ಸಲ ಹೇಳಿದೆ. ಮೂರನೆಯ ಸಲ ಬಂದಾಗ ಬಟ್ಟಲು ಒಂದಾಗಿದೆಯೆಂದು ಆಕೆಯೇ ಹೇಳಿದರು. ಮೂರು ತಿಂಗಳ ಮತ್ತು ಆರು ತಿಂಗಳ ರಕ್ತಪರೀಕ್ಷೆಗಳೆರಡೂ ನೆಗೆಟಿವ್ ಬಂದವು.

ಮುಂದಿನ ಬೆಳವಣಿಗೆ

ಆರು ತಿಂಗಳ ನಂತರದ ವೈರಲ್ ಲೋಡ್ ಮತ್ತೆ ‘ಪತ್ತೆಯಾಗಿಲ್ಲ’ ಎಂದು ಬಂತು. ಈ ಸಲ ವರದಿಯನ್ನು ಅವರ ಕೈಗೆ ಕೊಡುವ ಮೊದಲು, ‘ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ ಪತ್ತೆಯಾಗಿಲ್ಲ’ ಎಂದು ಪೂರ್ತಿ ವಾಕ್ಯವನ್ನು ಹೇಳಿದೆ, ಅವರಿಂದಲೂ ಹೇಳಿಸಿದೆ. ಈಗ ನಮ್ಮ ಕೇಂದ್ರದಲ್ಲಿ ಎಲ್ಲರಿಗೂ ಹಾಗೆಯೇ ಹೇಳುತ್ತೇವೆ. ಸ್ಥಿರವಾಗಿರುವವರನ್ನು, ಎಷ್ಟೇ ಹಳಬರಾಗಿರಲಿ, ಹೊರಗೆಲ್ಲಾದರೂ ಪರೀಕ್ಷೆ ಮಾಡಿಸಿಕೊಂಡಿದ್ದೀರಾ, ಯಾರಾದರೂ ಕಿಟ್ ತಂದುಕೊಟ್ಟಿದ್ದಾರೆಯೇ ಎಂದು ಕೇಳುವುದನ್ನೂ ಸೇರಿಸಿಕೊಂಡೆವು. ಮಗ ಹಡಗಿನಲ್ಲೋ ಗಲ್ಫಿನಲ್ಲೋ ಇರುವ ಮನೆಗಳೇ ಹೆಚ್ಚಾಗಿರುವ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬೇಕೆಂದು ನನಗನ್ನಿಸುತ್ತದೆ. ಮೂರು ತಿಂಗಳ ಮಾತ್ರೆ ಒಯ್ದವರಿಗೆ ನಡುವೆ ಒಂದು ಸಲ ಫೋನು ಮಾಡುವ ರೂಢಿಯನ್ನೂ ಆರಂಭಿಸಿದೆವು.

ಅಳಿಯ ಹಡಗಿನಿಂದ ಫೋನು ಮಾಡಿದ್ದ. ಮಾವನಿಗೆ ಹೀಗಾಯಿತೆಂದು ತಿಳಿದು ಬಹಳ ಅಳುತ್ತಿದ್ದ. ತಾನೇ ಕೆಡಿಸಿದೆನೆಂದು ಅವನ ಕೊರಗು. ಅವನನ್ನು ಸಮಾಧಾನಪಡಿಸಿದ ಮೇಲೆ ತನ್ನ ಮಾತು ತೆಗೆದ. ಮೂರನೆಯ ಕಿಟ್‌ನಲ್ಲಿ ತಾನು ಮಾಡಿಕೊಂಡ ಪರೀಕ್ಷೆಯಲ್ಲೂ ಒಂದೇ ಗೆರೆ ಬಂದಿದೆ, ಅದನ್ನೂ ನಂಬಬಾರದೇ ಎಂದು ಕೇಳಿದ. ಅವನು ಎಂದೂ ಚಿಕಿತ್ಸೆ ತೆಗೆದುಕೊಂಡವನಲ್ಲ. ಸಂಶಯದ ಸಂದರ್ಭ ಕಳೆದು ಎಷ್ಟು ಕಾಲವಾಗಿತ್ತೆಂದು ಕೇಳಿದೆ; ಪರೀಕ್ಷೆಯ ಹೊತ್ತಿಗೆ ಐದು ತಿಂಗಳು ದಾಟಿತ್ತು. ಹಾಗಿದ್ದರೆ ಅದನ್ನು ಬಹುಮಟ್ಟಿಗೆ ನಂಬಬಹುದು, ಆದರೂ ರಜೆಯಲ್ಲಿ ಬಂದಾಗ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದೆ, ಮಧ್ಯೆ ಏನಾದರೂ ಕೇಳಬೇಕಾದರೆ ಊರಿಗೆ ಬಂದಾಗ 1097 ಸಹಾಯವಾಣಿ ಇದೆಯೆಂದೂ ತಿಳಿಸಿದೆ. ಡಿಸೆಂಬರಿನಲ್ಲಿ ಅವನು ಮಂಗಳೂರಿನ ಒಂದು ಐಸಿಟಿಸಿಗೆ ಹೋದ. ಜೊತೆಗೆ ಹೋಗಿದ್ದವರು ಅವನ ಮಾವ. ವರದಿ ಬರುವವರೆಗೂ ಅವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರಂತೆ. ರಕ್ತಪರೀಕ್ಷೆ ನೆಗೆಟಿವ್ ಬಂತು.